ಔಷಧಿ ಒಂದು ಹೇಳಿತು, ಇಲಿ ಇನ್ನೊಂದು ಹೇಳಿತು: ಒಂದು ರಿಸೆಪ್ಟರ್‌ನ ಪ್ರಕರಣ

ಜೀವಕೋಶದ ಹೊರಮೈಯಲ್ಲಿ ಒಂದು ರಿಸೆಪ್ಟರ್ ಇದೆ, ಅಂದರೆ ಹೊರಗಿನದನ್ನು ಹಿಡಿದು ಒಳಗೆ ಸುದ್ದಿ ಕಳಿಸುವ ಪ್ರೋಟೀನ್. ಅದನ್ನು ಔಷಧಿ ಹಾಕಿ ಮುಚ್ಚಿದರೆ ಕ್ಯಾನ್ಸರ್ ಗಡ್ಡೆಗೆ ರಕ್ತನಾಳ ಸಿಗುವುದಿಲ್ಲ, ಗಡ್ಡೆ ಕುಗ್ಗುತ್ತದೆ. ಅದೇ ರಿಸೆಪ್ಟರ್ ಇಲ್ಲದ ಇಲಿಯನ್ನು ಹುಟ್ಟಿಸಿದರೆ ಅದರ ಮೈಯಲ್ಲಿ ಗಡ್ಡೆ ಇನ್ನೂ ಜೋರಾಗಿ ಬೆಳೆಯುತ್ತದೆ. ಎರಡೂ ಪ್ರಯೋಗಗಳನ್ನು ಒಳ್ಳೆಯ ಲ್ಯಾಬ್‌ಗಳೇ ಮಾಡಿವೆ. ಎರಡರಲ್ಲೂ ತಪ್ಪು ಹುಡುಕಿದವರಿಗೆ ತಪ್ಪು ಸಿಗಲಿಲ್ಲ.

ಈ ರಿಸೆಪ್ಟರ್‌ನ ಹೆಸರು ಆಲ್ಫಾ-ವಿ ಬೀಟಾ-3. 1994ರಲ್ಲಿ ಶುರುವಾದ ಗೊಂದಲ ಸುಮಾರು 20 ವರ್ಷ ಎಳೆಯಿತು. ಮಧ್ಯೆ ಒಂದು ಔಷಧಿ ಮನುಷ್ಯರವರೆಗೂ ಹೋಗಿ ಬಿದ್ದಿತು. ಇಲ್ಲಿ ವಿಜ್ಞಾನಿಗಳ ಹೆಸರುಗಳನ್ನು ಬೇಕಂತಲೇ ಬಿಟ್ಟಿದ್ದೇನೆ, ತಂಡಗಳನ್ನು ಊರಿನ ಹೆಸರಿನಿಂದ ಕರೆಯುತ್ತೇನೆ. ನಾವು ನೋಡಬೇಕಾದದ್ದು ಯಾವ ಹೊತ್ತಿನಲ್ಲಿ, ಕೈಯಲ್ಲಿ ಏನಿಟ್ಟುಕೊಂಡು, ಯಾವ ತೀರ್ಮಾನ ತೆಗೆದುಕೊಂಡರು ಎಂಬುದನ್ನು.

ಹಿನ್ನೆಲೆ

ಆಲ್ಫಾ-ವಿ ಬೀಟಾ-3 ಇಂಟಿಗ್ರಿನ್ ಕುಟುಂಬಕ್ಕೆ ಸೇರಿದ್ದು. ಜೀವಕೋಶ ತನ್ನ ಸುತ್ತಲಿನ ಪ್ರೋಟೀನ್ ಬಲೆಯನ್ನು ಹಿಡಿದುಕೊಳ್ಳುವುದು ಇಂಟಿಗ್ರಿನ್‌ಗಳಿಂದ. ಹಿಡಿತ ಸಿಕ್ಕಿದ ಸುದ್ದಿ ಒಳಗೆ ಹೋಗುತ್ತದೆ. ಆಗ ಕೋಶ ಬದುಕುತ್ತದೆ, ಸರಿಯುತ್ತದೆ, ಎರಡಾಗುತ್ತದೆ. ಹಿಡಿತ ತಪ್ಪಿದರೆ ಎಷ್ಟೋ ಕೋಶಗಳು ತಾವಾಗಿಯೇ ಸಾಯುತ್ತವೆ. ಪ್ರತಿ ಇಂಟಿಗ್ರಿನ್ ಒಂದು ಆಲ್ಫಾ ಮತ್ತು ಒಂದು ಬೀಟಾ ಸೇರಿದ ಜೋಡಿ. ಸಸ್ತನಿಗಳಲ್ಲಿ 18 ಆಲ್ಫಾ, 8 ಬೀಟಾ ಇವೆ, ಆಗುವ ಜೋಡಿಗಳು 24. ಆಲ್ಫಾ-ವಿಗೆ ಐದು ಸಂಗಾತಿಗಳು: ಬೀಟಾ-1, 3, 5, 6, 8. ಬೀಟಾ-3ಕ್ಕೆ ಇಬ್ಬರೇ: ಆಲ್ಫಾ-ವಿ, ಮತ್ತೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಲ್ಲಿ ಮಾತ್ರ ಇರುವ ಆಲ್ಫಾ-2ಬಿ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

1984ರಲ್ಲಿ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಒಂದು ವಿಷಯ ಗೊತ್ತಾಯಿತು. ಫೈಬ್ರೊನೆಕ್ಟಿನ್ ಎಂಬ ದೊಡ್ಡ ಪ್ರೋಟೀನ್‌ನಲ್ಲಿ ಕೋಶ ಹಿಡಿಯುವುದು ಬರೀ ಮೂರು ಅಮೈನೋ ಆಮ್ಲಗಳ ಜಾಗವನ್ನು. ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ, ಚಿಕ್ಕದಾಗಿ ಆರ್‌ಜಿಡಿ. ಅಂದರೆ ಈ ಮೂರನ್ನು ಹೊತ್ತ ಪುಟ್ಟ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರ) ಮಾಡಿದರೆ ರಿಸೆಪ್ಟರ್‌ನ ಬಾಯಿ ಮುಚ್ಚಬಹುದು. ಔಷಧಿ ಮಾಡುವವರಿಗೆ ಇದಕ್ಕಿಂತ ಸಿಹಿಸುದ್ದಿ ಬೇಕಾ?

ಇನ್ನೊಂದು ಕಡೆ, ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಬೇಕಾದರೆ ಹೊಸ ರಕ್ತನಾಳ ಬೇಕೇ ಬೇಕು ಎಂದು 1971ರಲ್ಲೇ ಬಾಸ್ಟನ್‌ನ ಒಬ್ಬ ಸರ್ಜನ್ ವಾದಿಸಿದ್ದರು. 1994ರಲ್ಲಿ ಲಾ ಹೋಯಾ ತಂಡ ಇವೆರಡನ್ನೂ ಜೋಡಿಸಿತು. ಗಾಯ ಮಾಯುವಾಗ ಬೆಳೆಯುವ ನಾಳಗಳಲ್ಲಿ ಆಲ್ಫಾ-ವಿ ಬೀಟಾ-3 ತುಂಬಾ ಇರುತ್ತದೆ, ಸುಮ್ಮನಿರುವ ಹಳೆಯ ನಾಳಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹಾಗಾದರೆ ಅದನ್ನು ಮುಚ್ಚಿ ನೋಡೋಣ ಅಂದುಕೊಂಡರು.

ಪ್ರಯೋಗ ನಡೆದದ್ದು ಕೋಳಿ ಮೊಟ್ಟೆಯಲ್ಲಿ. ಕಾವು ಕೊಟ್ಟ ಮೊಟ್ಟೆಯ ಚಿಪ್ಪಿನಲ್ಲಿ ಪುಟ್ಟ ಕಿಟಕಿ ಕೊರೆಯುತ್ತಾರೆ. ಒಳಗಿನ ತೆಳು ಪೊರೆಯ ಮೇಲೆ ಬೆಳವಣಿಗೆಯ ಅಂಶದಲ್ಲಿ ನೆನೆಸಿದ ಫಿಲ್ಟರ್ ಚೂರು ಇಡುತ್ತಾರೆ. ಕೆಲವು ದಿನಗಳಲ್ಲಿ ಸುತ್ತಲಿಂದ ಕೆಂಪು ಎಳೆಗಳು ಆ ಚೂರಿನ ಕಡೆಗೆ ಬಾಗಿ ಬರುತ್ತವೆ. ಆಲ್ಫಾ-ವಿ ಬೀಟಾ-3ಕ್ಕೆ ಅಂಟಿ ಅದನ್ನು ಮುಚ್ಚುವ ಎಲ್‌ಎಂ609 ಎಂಬ ಆಂಟಿಬಾಡಿ ಕೊಟ್ಟಾಗ ಹೊಸ ಎಳೆಗಳು ಬರಲಿಲ್ಲ, ಮೊದಲೇ ಇದ್ದ ನಾಳಗಳಿಗೆ ಏನೂ ಆಗಲಿಲ್ಲ. ಅದೇ ವರ್ಷ ಪೊರೆಯ ಮೇಲೆ ಮನುಷ್ಯರ ಗಡ್ಡೆ ಬೆಳೆಸಿ, ಆರ್‌ಜಿಡಿ ಇರುವ ಉಂಗುರದಂಥ ಪೆಪ್ಟೈಡ್ ಕೊಟ್ಟು, ಗಡ್ಡೆ ಹಿಂದೆ ಸರಿಯುವುದನ್ನೂ ತೋರಿಸಿದರು. ನಾಳದ ಒಳಪದರದ ಕೋಶಗಳು ಸಾಯುತ್ತಿದ್ದವು.

ಇಲ್ಲೊಂದು ಸಣ್ಣ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಓದುವವರು ಇದನ್ನು ದಾಟಿಬಿಡುತ್ತಾರೆ. ಎಲ್‌ಎಂ609 ಇಲಿಯ ಆಲ್ಫಾ-ವಿ ಬೀಟಾ-3 ಅನ್ನು ಗುರುತಿಸುವುದೇ ಇಲ್ಲ. ಹಾಗಾಗಿ ಸಾಮಾನ್ಯ ಇಲಿಯಲ್ಲಿ ಅದನ್ನು ಪರೀಕ್ಷೆ ಮಾಡಲು ಆಗುತ್ತಿರಲಿಲ್ಲ. ರೋಗನಿರೋಧಕ ಶಕ್ತಿ ಇಲ್ಲದ ಇಲಿಗಳಿಗೆ ಮನುಷ್ಯರ ಚರ್ಮ ಕಸಿ ಮಾಡಿ, ಅದರಲ್ಲಿ ಗಡ್ಡೆ ಬೆಳೆಸಿ ನೋಡಬೇಕಾಯಿತು. ಔಷಧಿಯ ಕಡೆಯವರು ಒಂದು ಪ್ರಾಣಿಯನ್ನು, ಜೀನ್ ಕಡೆಯವರು ಇನ್ನೊಂದನ್ನು ನೋಡುತ್ತಿದ್ದುದು ಮೊದಲ ದಿನದಿಂದಲೇ ಹೀಗೆ.

ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಐದು ಅಮೈನೋ ಆಮ್ಲಗಳ ಉಂಗುರವನ್ನು ತಿದ್ದಿ ತೀಡಿ ಸಿಲೆಂಜಿಟೈಡ್ ಎಂಬ ಅಣು ಮಾಡಿದರು. ಜರ್ಮನಿಯ ಒಂದು ಕಂಪನಿ ಅದನ್ನು ಕ್ಯಾನ್ಸರ್ ಔಷಧಿಯಾಗಿ ಕೈಗೆತ್ತಿಕೊಂಡಿತು.

ಇಲಿಗಳು ತಂದಿಟ್ಟ ತೊಡಕು

1998ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡ ಆಲ್ಫಾ-ವಿ ಜೀನ್ ಇಲ್ಲದ ಇಲಿಗಳ ಬಗ್ಗೆ ಬರೆಯಿತು. ಆಲ್ಫಾ-ವಿ ಹೋದರೆ ಅದರ ಐದೂ ಜೋಡಿಗಳು ಒಟ್ಟಿಗೆ ಹೋಗುತ್ತವೆ. ಲಾ ಹೋಯಾದ ಮಾತು ಪೂರ್ತಿ ನಿಜವಾಗಿದ್ದರೆ ಇಂಥ ಭ್ರೂಣದಲ್ಲಿ ರಕ್ತನಾಳಗಳೇ ಸರಿಯಾಗಿ ಹರಡಬಾರದು.

ಹರಡಿದ್ದವು. ಇಲಿಯ ಗರ್ಭ 19-20 ದಿನದ್ದು. ಒಂಬತ್ತೂವರೆ ದಿನದ ಹೊತ್ತಿಗೆ ಈ ಭ್ರೂಣಗಳಲ್ಲಿ ನಾಳಗಳ ಜಾಲ ಚೆನ್ನಾಗಿಯೇ ಇತ್ತು. ಅದಾದ ಮೇಲೆ ಸುಮಾರು 80 ಶೇಕಡಾ ಭ್ರೂಣಗಳು ಸತ್ತವು, ಬಹುಶಃ ಮಾಸುಚೀಲದ ತೊಂದರೆಯಿಂದ. ಉಳಿದ 20 ಶೇಕಡಾ ಜೀವಂತವಾಗಿ ಹುಟ್ಟಿದವು! ಆದರೆ ಹೆಚ್ಚು ಹೊತ್ತು ಬದುಕಲಿಲ್ಲ. ಹುಟ್ಟಿದ ಇಲಿಮರಿಯ ಚರ್ಮ ತೆಳು, ಗುಲಾಬಿ, ಒಳಗಿನದು ಕಾಣುತ್ತದೆ. ಕುಡಿದ ಹಾಲು ಹೊಟ್ಟೆಯಲ್ಲಿ ಬಿಳಿ ಮಚ್ಚೆಯಾಗಿ ಕಾಣುವಷ್ಟು. ಈ ಮರಿಗಳ ತಲೆಯಲ್ಲಿ ರಕ್ತ ಮಡುಗಟ್ಟಿತ್ತು. ಕರುಳಿನಲ್ಲೂ ರಕ್ತಸ್ರಾವ, ಬಾಯಿಯ ಅಂಗುಳ ಸೀಳಿತ್ತು. ಉಳಿದ ಮೈಯಲ್ಲಿ ನಾಳಗಳು ಸರಿಯಾಗಿದ್ದವು.

ಮರುವರ್ಷ ಬೀಟಾ-3 ಇಲ್ಲದ ಇಲಿಗಳು ಬಂದವು. ಇವು ಇನ್ನೂ ಆರಾಮ. ಬದುಕಿದವು, ಬೆಳೆದವು, ಮರಿ ಹಾಕಿದವು. ಕಣ್ಣಿನ ರೆಟಿನಾದಲ್ಲಿ ನಾಳಗಳು ಮಾಮೂಲಾಗಿ ಹರಡಿದವು. ತೊಂದರೆ ಇದ್ದದ್ದು ಪ್ಲೇಟ್‌ಲೆಟ್‌ಗಳಲ್ಲಿ. ಗಾಯವಾದರೆ ರಕ್ತ ನಿಲ್ಲುತ್ತಿರಲಿಲ್ಲ, ಚರ್ಮದಡಿ ಮತ್ತು ಕರುಳಿನಲ್ಲಿ ರಕ್ತ ಸೋರುತ್ತಿತ್ತು, ಕೆಲವು ಅದರಿಂದಲೇ ಸಾಯುತ್ತಿದ್ದವು. ಆಲ್ಫಾ-2ಬಿ ಬೀಟಾ-3 ಕೂಡ ಹೋಗಿತ್ತಲ್ಲ, ಅದಕ್ಕೆ.

ಈ ಕಾಯಿಲೆ ಮನುಷ್ಯರಲ್ಲೂ ಇದೆ. ಗ್ಲಾನ್ಜ್‌ಮನ್ ಥ್ರೊಂಬಸ್ತೀನಿಯಾ, 1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ಡಾಕ್ಟರೊಬ್ಬರು ಬರೆದಿಟ್ಟದ್ದು. ಸಂಬಂಧದೊಳಗೇ ಮದುವೆ ಜಾಸ್ತಿ ಇರುವ ಕಡೆ ಇದು ಹೆಚ್ಚು ಕಾಣುತ್ತದೆ. ದಕ್ಷಿಣ ಭಾರತವೂ ಆ ಪಟ್ಟಿಯಲ್ಲಿದೆ. ಸೋದರಮಾವ, ಅತ್ತೆ ಮಗ ಎಂದು ಮದುವೆ ಮಾಡುವ ನಮ್ಮಲ್ಲಿ, ಮೂಗಿನ ರಕ್ತ ನಿಲ್ಲದ ಮಗುವನ್ನು ರಕ್ತರೋಗದ ಡಾಕ್ಟರ ಹತ್ತಿರ ಕರೆತಂದಾಗ ಅವರ ಮನಸ್ಸಿಗೆ ಬರುವ ಹೆಸರುಗಳಲ್ಲಿ ಇದೂ ಒಂದು. ಇರಾಕಿನಿಂದ ಇಸ್ರೇಲಿಗೆ ಬಂದ ಯಹೂದಿ ಕುಟುಂಬಗಳಲ್ಲಿ ಕೆಟ್ಟಿರುವುದು ಬೀಟಾ-3 ಜೀನೇ. ಅಂದರೆ ಆ ರೋಗಿಗಳಲ್ಲಿ ಆಲ್ಫಾ-ವಿ ಬೀಟಾ-3 ಸಹ ಇಲ್ಲ. ಆದರೂ ಅವರು ಹುಟ್ಟಿ, ಬೆಳೆದು, ಮಕ್ಕಳನ್ನು ಹೆತ್ತಿದ್ದಾರೆ. ರಕ್ತನಾಳ ಬೆಳೆಯಲು ಈ ರಿಸೆಪ್ಟರ್ ಬೇಕೇ ಬೇಕು ಎಂಬ ಮಾತಿಗೆ ಎದುರು ಸಾಕ್ಷಿ ಇಲಿಗಿಂತ ಮೊದಲೇ ಆಸ್ಪತ್ರೆಯಲ್ಲಿತ್ತು. ಯಾರೂ ಅದನ್ನು ಆ ಕಣ್ಣಿನಿಂದ ಕೇಳಲಿಲ್ಲ ಅಷ್ಟೆ.

ಔಷಧಿಯ ಕಡೆಯವರ ಉತ್ತರ ಸರಳವಾಗಿತ್ತು. ಹುಟ್ಟಿನಿಂದಲೇ ಇಲ್ಲದಿದ್ದರೆ ಬೇರೆ ಇಂಟಿಗ್ರಿನ್ ಆ ಕೆಲಸ ವಹಿಸಿಕೊಳ್ಳುತ್ತದೆ, ಭ್ರೂಣವೇ ಬೇರೆ ಗಡ್ಡೆಯೇ ಬೇರೆ ಎಂದರು. ಒಪ್ಪುವ ಮಾತೇ. ಆದರೆ ಆಲ್ಫಾ-ವಿ ಇಲಿಯಲ್ಲಿ ಐದು ಜೋಡಿಗಳೂ ಹೋಗಿದ್ದವು, ಅಲ್ವಾ? ವಹಿಸಿಕೊಳ್ಳಲು ಹತ್ತಿರದ ನೆಂಟರು ಯಾರೂ ಉಳಿದಿರಲಿಲ್ಲ.

ಲಂಡನ್ ತಂಡದ ತೀರ್ಮಾನ

ನನ್ನ ಪ್ರಕಾರ ಇಡೀ ಪ್ರಕರಣದ ಒಳ್ಳೆಯ ತೀರ್ಮಾನ ಇದು. ಭ್ರೂಣದ ಬಗ್ಗೆ ವಾದ ಮಾಡುತ್ತಾ ಕೂರುವ ಬದಲು ಲಂಡನ್ ತಂಡ ಎಂಐಟಿಯವರ ಜೊತೆ ಸೇರಿ, ಬೀಟಾ-3 ಇಲ್ಲದ ಮತ್ತು ಬೀಟಾ-3, ಬೀಟಾ-5 ಎರಡೂ ಇಲ್ಲದ ಬೆಳೆದ ಇಲಿಗಳ ಚರ್ಮದಡಿ ಗಡ್ಡೆಯ ಕೋಶಗಳನ್ನೇ ಚುಚ್ಚಿತು. ಈ ಪ್ರಯೋಗದಲ್ಲಿ ಗಡ್ಡೆಯ ಕೋಶಗಳಲ್ಲಿ ರಿಸೆಪ್ಟರ್‌ನ ಜೀನ್ ಹಾಗೇ ಇರುತ್ತದೆ. ಇಲ್ಲದಿರುವುದು ಇಲಿಯ ಸ್ವಂತ ಕೋಶಗಳಲ್ಲಿ, ಅಂದರೆ ಗಡ್ಡೆಗೆ ಬರುವ ರಕ್ತನಾಳಗಳಲ್ಲಿ. ಪ್ರಶ್ನೆ ನೇರವಾಗಿದೆ. ಗಡ್ಡೆ ಉಬ್ಬಿದ ಮೇಲೆ ಕ್ಯಾಲಿಪರ್ ಹಿಡಿದು ಉದ್ದ ಅಗಲ ಅಳೆಯುತ್ತಾರೆ. ಕೊನೆಗೆ ಗಡ್ಡೆ ತೆಗೆದು, ತೆಳುವಾಗಿ ಕೊಯ್ದು, ನಾಳದ ಕೋಶಗಳಿಗೆ ಬಣ್ಣ ಹಾಕಿ ಎಣಿಸುತ್ತಾರೆ.

2002ರಲ್ಲಿ ಬಂದ ಫಲಿತಾಂಶ: ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ಗಡ್ಡೆ ದೊಡ್ಡದು, ನಾಳಗಳೂ ಹೆಚ್ಚು. ಕಾರಣದ ಸುಳಿವೂ ಸಿಕ್ಕಿತು. ಈ ಇಲಿಗಳ ನಾಳದ ಕೋಶಗಳಲ್ಲಿ ಇನ್ನೊಂದು ಮೇಲ್ಮೈ ರಿಸೆಪ್ಟರ್ ಹೆಚ್ಚಾಗಿತ್ತು: ವಿಇಜಿಎಫ್ ರಿಸೆಪ್ಟರ್-2. ನಾಳಗಳಿಗೆ ಬೆಳೆ ಎಂದು ಹೇಳುವ ವಿಇಜಿಎಫ್ ಸಂದೇಶವನ್ನು ಹಿಡಿಯುವುದು ಇದೇ. 2004ರಲ್ಲಿ ಅದನ್ನು ತಡೆದು ನೋಡಿದಾಗ ಹೆಚ್ಚುವರಿ ನಾಳಗಳು ಇಳಿದವು. ಅಂದರೆ ಸಾಮಾನ್ಯ ಇಲಿಯಲ್ಲಿ ಬೀಟಾ-3 ವಿಇಜಿಎಫ್ ರಿಸೆಪ್ಟರ್-2 ಅನ್ನು ಒಂದು ಮಟ್ಟದಲ್ಲಿ ಹಿಡಿದಿಟ್ಟಿರುತ್ತದೆ.

ಇದು ಎಲ್ಲ ಗಡ್ಡೆಗೂ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಎಂಐಟಿ ತಂಡವೇ 2005ರಲ್ಲಿ, ತಾನಾಗಿಯೇ ಸ್ತನದ ಗಡ್ಡೆ ಬರುವ ಇಲಿಗಳಲ್ಲಿ ಬೀಟಾ-3 ಮತ್ತು 5 ತೆಗೆದು ನೋಡಿತು. ಹೆಚ್ಚೂ ಆಗಲಿಲ್ಲ, ಕಮ್ಮಿಯೂ ಆಗಲಿಲ್ಲ. ಚುಚ್ಚಿ ಬೆಳೆಸಿದ ಗಡ್ಡೆ ಎರಡು ಮೂರು ವಾರದಲ್ಲಿ ಉಬ್ಬುತ್ತದೆ, ತಾನಾಗಿ ಬರುವ ಗಡ್ಡೆ ತಿಂಗಳುಗಟ್ಟಲೆ ಬೆಳೆಯುತ್ತದೆ. ಯಾವ ಗಡ್ಡೆಯಲ್ಲಿ ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಯಿತು.

ತಲೆಯ ರಕ್ತಸ್ರಾವದ ಗುಟ್ಟು

ಆಲ್ಫಾ-ವಿ ಇಲ್ಲದ ಆ ಮರಿಗಳ ತಲೆಯಲ್ಲಿ ರಕ್ತ ಯಾಕೆ ಸೋರಿತು? ನಾಳದ ಕೋಶ ಹಿಡಿತ ಕಳೆದುಕೊಂಡಿತು ಎಂದು ಊಹಿಸುವುದು ಸಹಜ. ಪರೀಕ್ಷೆ ಮಾಡಲು ಜೀನ್ ಅನ್ನು ಇಡೀ ಮೈಯಿಂದ ತೆಗೆಯದೆ, ಒಂದೊಂದೇ ಬಗೆಯ ಕೋಶದಿಂದ ತೆಗೆದರು. ನಾಳದ ಕೋಶಗಳಿಂದ ಮಾತ್ರ ಆಲ್ಫಾ-ವಿ ತೆಗೆದಾಗ ಮಿದುಳಿನಲ್ಲಿ ರಕ್ತ ಸೋರಲಿಲ್ಲ. ನರಮಂಡಲದ ಕೋಶಗಳಿಂದ ತೆಗೆದಾಗ ಸೋರಿತು.

ಬೀಟಾ-8 ಇಲ್ಲದ ಇಲಿಗಳಲ್ಲೂ ಅದೇ ರಕ್ತಸ್ರಾವ ಕಂಡಿತ್ತು. ಒಟ್ಟಿಗೆ ಇಟ್ಟು ನೋಡಿದರೆ ಕತೆ ಸ್ಪಷ್ಟ. ಮಿದುಳಿನಲ್ಲಿ ನಾಳದ ಪಕ್ಕ ನಿಂತ ಕೋಶಗಳ ಮೇಲೆ ಆಲ್ಫಾ-ವಿ ಬೀಟಾ-8 ಇರುತ್ತದೆ. ಟಿಜಿಎಫ್-ಬೀಟಾ ಎಂಬ ಸಂದೇಶದ ಪ್ರೋಟೀನ್ ಕಟ್ಟಿಹಾಕಿದ ಸ್ಥಿತಿಯಲ್ಲಿ ಹೊರಗೆ ಬರುತ್ತದೆ. ಬೀಟಾ-8 ಜೋಡಿ ಅದನ್ನು ಬಿಡಿಸುತ್ತದೆ. ಬಿಡಿಸಿಕೊಂಡ ಟಿಜಿಎಫ್-ಬೀಟಾ ಎಳೆಯ ನಾಳವನ್ನು ಗಟ್ಟಿ ಮಾಡುತ್ತದೆ. ಆಲ್ಫಾ-ವಿ ತೆಗೆದಾಗ ಹೋದದ್ದು ನಾಳದ ಹಿಡಿತವಲ್ಲ, ನೆರೆಯ ಕೋಶ ನಾಳಕ್ಕೆ ಮಾಡುತ್ತಿದ್ದ ಉಪಕಾರ. ಎಲ್ಲರ ಕಣ್ಣು ಬೀಟಾ-3ರ ಮೇಲಿತ್ತು, ಭ್ರೂಣದಲ್ಲಿ ಮುಖ್ಯ ಕೆಲಸ ಬೀಟಾ-8ರದ್ದಾಗಿತ್ತು.

ಇದ್ದೂ ಕೆಲಸ ಮಾಡದ ರಿಸೆಪ್ಟರ್

2006ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ತಂಡ ಮೂರನೇ ದಾರಿ ಹಿಡಿಯಿತು. ಔಷಧಿಯನ್ನೂ ಕೊಡಲಿಲ್ಲ, ಜೀನ್ ಅನ್ನೂ ತೆಗೆಯಲಿಲ್ಲ. ಬೀಟಾ-3ರ ಬಾಲ ಕೋಶದ ಒಳಗೆ ಚಾಚಿಕೊಂಡಿರುತ್ತದೆ. ಅದರಲ್ಲಿ ಟೈರೋಸೀನ್ ಎಂಬ ಅಮೈನೋ ಆಮ್ಲ ಎರಡು ಕಡೆ ಇದೆ, ಸಂದೇಶ ದಾಟುವಾಗ ಅವಕ್ಕೆ ಫಾಸ್ಫೇಟ್ ಅಂಟಬೇಕು. ಆ ಎರಡನ್ನು ಫಾಸ್ಫೇಟ್ ಅಂಟದ ಫೀನೈಲ್‌ಅಲನೀನ್‌ಗೆ ಬದಲಾಯಿಸಿದ ಇಲಿಗಳನ್ನು ಬಳಸಿದರು. ರಿಸೆಪ್ಟರ್ ಮೇಲ್ಮೈಯಲ್ಲಿ ಇದೆ, ಆದರೆ ಒಳಗಿನ ಆ ಸಂದೇಶ ಹೋಗುವುದಿಲ್ಲ. ಈ ಇಲಿಗಳಲ್ಲಿ ಗಡ್ಡೆ ಚಿಕ್ಕದು, ನಾಳ ಕಮ್ಮಿ. ಲಾ ಹೋಯಾ ಹೇಳಿದ್ದ ದಿಕ್ಕಿನಲ್ಲೇ!

ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿದರೆ ಸೀಟು ಇರುತ್ತದೆ, ಯಾರೂ ಕೂರುವಂತಿಲ್ಲ. ಸೀಟನ್ನೇ ಕಿತ್ತು ಹಾಕಿದರೆ ಆ ಜಾಗದಲ್ಲಿ ಇನ್ನೂ ನಾಲ್ಕು ಜನ ನಿಲ್ಲುತ್ತಾರೆ. ಎರಡನ್ನೂ 'ಸೀಟು ಸಿಗಲಿಲ್ಲ' ಎಂದು ಒಂದೇ ಸಾಲಿನಲ್ಲಿ ಬರೆದುಕೊಂಡದ್ದೇ ಈ ಜಗಳದ ಮೂಲ. ಇದ್ದೂ ಮುಚ್ಚಿರುವ ರಿಸೆಪ್ಟರ್ ಪಕ್ಕದವರನ್ನು ತಡೆದಿಡುತ್ತದೆ. ಇಲ್ಲವೇ ಇಲ್ಲದ ರಿಸೆಪ್ಟರ್ ಯಾರನ್ನೂ ತಡೆಯುವುದಿಲ್ಲ.

ಡೋಸ್ ಎಂಬ ಕಡೆಗಣಿಸಿದ ಪ್ರಶ್ನೆ

2009ರಲ್ಲಿ ಲಂಡನ್‌ನ ಸಂಶೋಧಕರು ಇನ್ನೊಂದು ಬಾಂಬ್ ಹಾಕಿದರು. ಸಿಲೆಂಜಿಟೈಡ್ ಮತ್ತು ಅದರಂಥ ಇನ್ನೊಂದು ಅಣುವನ್ನು ನ್ಯಾನೋಮೋಲಾರ್ ಮಟ್ಟದಲ್ಲಿ, ಅಂದರೆ ತೀರಾ ಕಮ್ಮಿ ಪ್ರಮಾಣದಲ್ಲಿ, ಇಲಿಗಳಿಗೆ ಕೊಟ್ಟಾಗ ಗಡ್ಡೆ ಕುಗ್ಗಲಿಲ್ಲ, ಬೆಳೆಯಿತು. ನಾಳಗಳೂ ಹೆಚ್ಚಾದವು. ಇಷ್ಟು ಕಮ್ಮಿ ಔಷಧಿ ಕೋಶದೊಳಗೆ ವಿಇಜಿಎಫ್ ರಿಸೆಪ್ಟರ್-2 ಮತ್ತೆ ಮೇಲ್ಮೈಗೆ ಮರಳುವುದನ್ನು ಹೆಚ್ಚಿಸುತ್ತಿತ್ತು.

ಈಗ ಸುಮ್ನೆ ಒಂದು ಲೆಕ್ಕ ಹಾಕಿ. ಸಿಲೆಂಜಿಟೈಡ್ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಗಂಟೆ ಎಂದೇ ಇಟ್ಟುಕೊಳ್ಳಿ. ಒಂದು ದಿನದಲ್ಲಿ ಆರು ಸಲ ಅರ್ಧ, ಅಂದರೆ 64ರಲ್ಲಿ ಒಂದು ಪಾಲು. ಎರಡು ದಿನಕ್ಕೆ 4096ರಲ್ಲಿ ಒಂದು ಪಾಲು. ರೋಗಿಗಳಿಗೆ ಅದನ್ನು ಕೊಡುತ್ತಿದ್ದದ್ದು ವಾರಕ್ಕೆ ಎರಡು ಸಲ. ಹಾಗಾದರೆ ವಾರದ ಎಷ್ಟು ಹೊತ್ತು ಔಷಧಿ ತಡೆಯುವ ಮಟ್ಟದಲ್ಲಿರುತ್ತದೆ, ಎಷ್ಟು ಹೊತ್ತು ಆ ಅಪಾಯದ ಕೆಳಮಟ್ಟದಲ್ಲಿರುತ್ತದೆ?

ಈ ಎಚ್ಚರಿಕೆ ಹೊಸದೇನೂ ಆಗಿರಲಿಲ್ಲ. ಹೃದಯದ ವಿಭಾಗದವರು ಆಗಲೇ ಪೆಟ್ಟು ತಿಂದಿದ್ದರು. ಪ್ಲೇಟ್‌ಲೆಟ್‌ನ ಆಲ್ಫಾ-2ಬಿ ಬೀಟಾ-3 ಅನ್ನು ಮುಚ್ಚುವ ಟಿರೋಫಿಬಾನ್, ಎಪ್ಟಿಫಿಬಟೈಡ್ ಡ್ರಿಪ್ ಆಗಿ ಚೆನ್ನಾಗಿ ಕೆಲಸ ಮಾಡಿದವು. ಹೃದಯದ ನಾಳ ತೆರೆಯುವ ನಮ್ಮ ಕ್ಯಾಥ್ ಲ್ಯಾಬ್‌ಗಳಲ್ಲೂ ಇವು ಬಳಕೆಯಲ್ಲಿವೆ. ಅದೇ ಗುರಿಯ ಔಷಧಿಗಳನ್ನು ಮಾತ್ರೆಯಾಗಿ ದಿನವೂ ನುಂಗಲು ಕೊಟ್ಟ ದೊಡ್ಡ ಪ್ರಯೋಗಗಳಲ್ಲಿ ಸಾವು ಕಮ್ಮಿಯಾಗಲಿಲ್ಲ, ಹೆಚ್ಚಾಯಿತು. 2001ರ ಹೊತ್ತಿಗೆ ಇದು ಎಲ್ಲರಿಗೂ ಗೊತ್ತಿತ್ತು. ಔಷಧಿ ಕಮ್ಮಿಯಾದ ಹೊತ್ತಿನಲ್ಲಿ ರಿಸೆಪ್ಟರ್ ಮುಚ್ಚಿಕೊಳ್ಳುವ ಬದಲು ಚುರುಕಾದ ಆಕಾರಕ್ಕೆ ತಿರುಗುತ್ತದೆ ಎನ್ನುವುದು ಆಗ ಕೊಟ್ಟ ವಿವರಣೆಗಳಲ್ಲಿ ಒಂದು. ಅದೇ ಬೀಟಾ-3. ಕ್ಯಾನ್ಸರ್ ವಿಭಾಗ ಮತ್ತು ಹೃದಯ ವಿಭಾಗ ಒಂದೇ ಕಟ್ಟಡದಲ್ಲಿದ್ದರೂ ಓದುವ ಪತ್ರಿಕೆಗಳು ಬೇರೆ.

ಮನುಷ್ಯರಲ್ಲಿ ಏನಾಯಿತು

2009ರ ಈ ಫಲಿತಾಂಶ ಬರುವ ಹೊತ್ತಿಗೆ ದೊಡ್ಡ ಪ್ರಯೋಗ ಶುರುವಾಗಿತ್ತು. ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತು ಎಂದು ನಾನು ಹೇಳಲಾರೆ. ಕೈಯಲ್ಲಿದ್ದ ಎರಡನೇ ಹಂತದ ಫಲಿತಾಂಶದಲ್ಲಿ, ಮರಳಿ ಬಂದ ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಗಡ್ಡೆಯವರಲ್ಲಿ, 2000 ಮಿಲಿಗ್ರಾಂ ಪಡೆದವರು 500 ಪಡೆದವರಿಗಿಂತ ಸ್ವಲ್ಪ ಹೆಚ್ಚು ಬದುಕಿದ್ದರು. ಔಷಧಿಯಿಂದ ಅಂಥ ತೊಂದರೆಯೂ ಕಾಣಲಿಲ್ಲ. ಆ ಕಾಯಿಲೆಗೆ ಬೇರೆ ಆಸೆಯೂ ಕಮ್ಮಿ. ಆದರೆ ಡೋಸ್ ಕೊಡುವ ಕ್ರಮವನ್ನು ಬದಲಾಯಿಸಬಹುದಿತ್ತು, ಹಗಲು ರಾತ್ರಿ ನಿಧಾನಕ್ಕೆ ಹರಿಯುವ ಡ್ರಿಪ್ ಅನ್ನು ಒಂದು ಗುಂಪಿಗಾದರೂ ಕೊಡಬಹುದಿತ್ತು. ವಾರಕ್ಕೆರಡು ಸಲ, 2000 ಮಿಲಿಗ್ರಾಂ ಎಂದೇ ಮುಂದುವರಿಯಿತು.

545 ರೋಗಿಗಳು. ಎಲ್ಲರಿಗೂ ಆಗತಾನೇ ಪತ್ತೆಯಾದ ಗ್ಲಿಯೋಬ್ಲಾಸ್ಟೋಮಾ. ಕೀಮೋಗೆ ಸ್ವಲ್ಪ ಚೆನ್ನಾಗಿ ಸ್ಪಂದಿಸುವ ಬಗೆಯ ಗಡ್ಡೆ ಇದ್ದವರನ್ನೇ ಆರಿಸಿದ್ದರು. ಅರ್ಧ ಜನಕ್ಕೆ ರೇಡಿಯೇಷನ್ ಮತ್ತು ಕೀಮೋ, ಉಳಿದ ಅರ್ಧಕ್ಕೆ ಅದರ ಜೊತೆ ಸಿಲೆಂಜಿಟೈಡ್. 2013ರಲ್ಲಿ ಸೋಲಿನ ಸುದ್ದಿ ಬಂತು, 2014ರಲ್ಲಿ ಪೂರ್ತಿ ವಿವರ ಅಚ್ಚಾಯಿತು. ಬದುಕಿದ ಅವಧಿಯ ಮಧ್ಯಾಂಕ ಎರಡೂ ಗುಂಪಿನಲ್ಲಿ 26.3 ತಿಂಗಳು. ಒಂದು ದಶಾಂಶದ ವ್ಯತ್ಯಾಸವೂ ಇಲ್ಲ. ಕ್ಯಾನ್ಸರ್ ಔಷಧಿಯಾಗಿ ಸಿಲೆಂಜಿಟೈಡ್ ಕೆಲಸ ಅಲ್ಲಿಗೆ ನಿಂತಿತು.

ಇದನ್ನು ನೋಡಿ 'ಇಲಿಗಳು ಸರಿಯಾಗಿಯೇ ಹೇಳಿದ್ದವು' ಎನ್ನುವವರಿದ್ದಾರೆ. ಅಷ್ಟು ಸುಲಭವಲ್ಲ. ಇಲಿ ಹೇಳಿದ ಹಾಗೇ ಆಗಿದ್ದರೆ ಔಷಧಿ ಪಡೆದವರಿಗೆ ಕೆಡಬೇಕಿತ್ತು. ಕೆಡಲಿಲ್ಲ. ಮೇಲಿನ ಮಟ್ಟದಲ್ಲಿ ಆದ ಲಾಭ ಮತ್ತು ಕೆಳಗಿನ ಮಟ್ಟದಲ್ಲಿ ಆದ ನಷ್ಟ ಸರಿಸಮ ಆಯಿತೋ, ಔಷಧಿಗೆ ಈ ಗಡ್ಡೆಯಲ್ಲಿ ಕೆಲಸವೇ ಇರಲಿಲ್ಲವೋ, ಆ ಪ್ರಯೋಗದ ವಿನ್ಯಾಸದಿಂದ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಅಷ್ಟು ದೊಡ್ಡ ಪ್ರಯೋಗದಿಂದ ಬರೀ ಇಲ್ಲ ಎಂಬ ಉತ್ತರ ಸಿಕ್ಕಿತು, ಯಾಕೆ ಎಂಬುದು ಸಿಗಲಿಲ್ಲ. ಇದೇ ನನಗೆ ದೊಡ್ಡ ನಷ್ಟ ಅನ್ನಿಸುವುದು.

ಆಮೇಲಿನ ಕೆಲಸ

ಸಮಯದ ಪ್ರಶ್ನೆಗೆ 2014ರಲ್ಲಿ ಇಂಗ್ಲೆಂಡಿನ ನಾರಿಚ್ ತಂಡ ಉತ್ತರ ಕೊಟ್ಟಿತು. ಬೇಕಾದ ದಿನ ಔಷಧಿ ಕೊಟ್ಟು, ಬೆಳೆದ ಇಲಿಯ ನಾಳದ ಕೋಶಗಳಿಂದ ಮಾತ್ರ ಬೀಟಾ-3 ತೆಗೆಯುವ ವ್ಯವಸ್ಥೆ ಬಳಸಿದರು. ಗಡ್ಡೆ ಶುರುವಾಗುವ ಹೊತ್ತಿಗೆ ತಟ್ಟನೆ ತೆಗೆದರೆ ಗಡ್ಡೆಯ ಬೆಳವಣಿಗೆ ಮತ್ತು ನಾಳಗಳು ಕಮ್ಮಿಯಾದವು. ಆದರೆ ಆ ಪರಿಣಾಮ ಸ್ವಲ್ಪ ಕಾಲ ಮಾತ್ರ. ತುಂಬಾ ಮೊದಲೇ ತೆಗೆದಿಟ್ಟರೆ ಉಪಯೋಗವಿಲ್ಲ, ಗಡ್ಡೆ ಬೇರೂರಿದ ಮೇಲೆ ತೆಗೆದರೂ ಇಲ್ಲ. ಒಂದೇ ಜೀನ್, ಒಂದೇ ಬಗೆಯ ಕೋಶ, ಬರೀ ತೆಗೆದ ದಿನ ಬೇರೆ. 1994 ಮತ್ತು 2002ರ ಫಲಿತಾಂಶಗಳು ಒಂದೇ ಇಲಿಯಲ್ಲಿ ಅಕ್ಕಪಕ್ಕ ಕೂರಬಹುದು ಎಂದು ಇದರಿಂದ ಗೊತ್ತಾಯಿತು. ಆಸ್ಪತ್ರೆಗೆ ಬರುವ ರೋಗಿಯ ಗಡ್ಡೆ ಯಾವಾಗಲೂ ಬೇರೂರಿದ ಮೇಲಿನದೇ ಎನ್ನುವುದನ್ನೂ ಇಲ್ಲಿ ಗಮನಿಸಬೇಕು.

ಇಲಿಗಳನ್ನು ಇಟ್ಟುಕೊಂಡು ರಿಸೆಪ್ಟರ್ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ಈ ಪ್ರಕರಣದಿಂದ ನಾನು ಎತ್ತಿ ತೋರಿಸುವುದು ಒಂದೇ ಅಭ್ಯಾಸ. ನಾಕ್‌ಔಟ್ (ಜೀನ್ ತೆಗೆದ ಇಲಿ) ಮತ್ತು ಔಷಧಿ ಬೇರೆ ಬೇರೆ ಉತ್ತರ ಕೊಟ್ಟಾಗ ಯಾವುದು ಸರಿ ಎಂದು ಕೇಳಬೇಡಿ. ಮೂರನೇ ಇಲಿಯನ್ನು ಕೇಳಿ. ಪ್ರೋಟೀನ್ ಇದೆ, ಸಂದೇಶ ಇಲ್ಲ. ಅಥವಾ ಈ ವಾರ ಇದೆ, ಮುಂದಿನ ವಾರ ಇಲ್ಲ. ಅಥವಾ ನಾಳದಲ್ಲಿ ಇಲ್ಲ, ಪಕ್ಕದ ಕೋಶದಲ್ಲಿ ಇದೆ. ಇಲ್ಲಿ ಗೊಂದಲ ಬಿಡಿಸಿದ್ದೆಲ್ಲ ಇಂಥ ಇಲಿಗಳೇ.

ಲಂಡನ್ ತಂಡ ಕೊನೆಗೆ ಮಾಡಿದ ಕೆಲಸ ಸ್ವಲ್ಪ ತುಂಟತನದ್ದು. ಕಮ್ಮಿ ಡೋಸ್ ಸಿಲೆಂಜಿಟೈಡ್ ಗಡ್ಡೆಗೆ ನಾಳಗಳನ್ನು ಹೆಚ್ಚು ಮಾಡುತ್ತದೆ ತಾನೇ? ಆಗಲಿ, ಆ ನಾಳಗಳಲ್ಲೇ ಕೀಮೋ ಕಳಿಸೋಣ ಎಂದರು. 2015ರಲ್ಲಿ ಶ್ವಾಸಕೋಶ ಮತ್ತು ಮೇದೋಜ್ಜೀರಕದ ಗಡ್ಡೆಯಿರುವ ಇಲಿಗಳಿಗೆ ಕಮ್ಮಿ ಡೋಸ್ ಸಿಲೆಂಜಿಟೈಡ್, ಬಿಪಿಗೆ ಕೊಡುವ ವೆರಾಪಮಿಲ್, ಜೊತೆಗೆ ಜೆಮ್‌ಸಿಟಬೀನ್ ಎಂಬ ಕೀಮೋ ಕೊಟ್ಟರು. ವೆರಾಪಮಿಲ್ ನಾಳವನ್ನು ಅಗಲ ಮಾಡುತ್ತದೆ. ನಾಳಗಳು ಹೆಚ್ಚಾದವು, ಕೀಮೋ ಒಳಗೆ ಹೆಚ್ಚು ತಲುಪಿತು, ಗಡ್ಡೆ ಮತ್ತು ಅದರ ಹರಡುವಿಕೆ ಎರಡೂ ಕಮ್ಮಿಯಾದವು. ನಾಳ ಮುಚ್ಚಲೆಂದು ಹುಟ್ಟಿದ ಔಷಧಿಯನ್ನು ನಾಳ ತೆರೆಯಲು ಬಳಸಿದರು, ಅದೂ ಆರು ವರ್ಷದ ಹಿಂದೆ ತಾವೇ ಅಪಾಯ ಎಂದು ತೋರಿಸಿದ್ದ ಡೋಸ್‌ನಲ್ಲಿ.